ಕೊಂಬಯ್ಯನ ರೆಕ್ಕೆಯ ಸದ್ದು

ಈ ಕಥೆಯ ಒಂದೊಂದು ಮಾತೂ ನಿಜ. ಬೇಕಾದರೆ ದೀಪ ಮುಟ್ಟಿ ಹೇಳುತ್ತೇನೆ, ನೀರು ಮುಟ್ಟಿ ಹೇಳುತ್ತೇನೆ, ಅದೂ ಸಾಲದಿದ್ದರೆ ನನ್ನ ಮೀಸೆ ಮುಟ್ಟಿ ಹೇಳುತ್ತೇನೆ. ಸಾಮಾನ್ಯ ಮೀಸೆಯಲ್ಲ ಇದು, ಎದುರು ಬಂದ ಹುಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ ಮೀಸೆ. ಕಥೆಯಲ್ಲಿ ಒಂದು ಸುಳ್ಳು ಸಿಕ್ಕಿದರೂ ಬೋಳಿಸಿಕೊಳ್ಳಲು ನಾನು ತಯಾರು. ಹಾಗಾಗಿ ನಡುವೆ ಬಾಯಿ ಹಾಕಿ, ಹಕ್ಕಿ ಎಲ್ಲಾದರೂ ಮಾತಾಡುತ್ತದೆಯೇ ಎಂದು ಯಾರೂ ಕೇಳಬಾರದು. ಮಾತಾಡುತ್ತದೆ. ಮುಂದೆ ಕೇಳಿ.

ಒಂದು ಕಾಡಿನಲ್ಲಿ ಹಳೆಯದೊಂದು ಧೂಪದ ಮರವಿತ್ತು. ಎಷ್ಟು ಎತ್ತರವೆಂದರೆ, ಮೋಡಗಳು ಅದರ ತುದಿಯ ಹತ್ತಿರ ಬಂದಾಗ ನಿಂತು ಯೋಚನೆ ಮಾಡಿ, ಸುತ್ತು ಹಾಕಿಕೊಂಡು ಹೋಗುತ್ತಿದ್ದವು. ಆ ಮರದ ನಡುಭಾಗದಲ್ಲಿ ಒಂದು ಪೊಟರೆ. ಆ ಪೊಟರೆಯೊಳಗೆ ಪದುಮಕ್ಕ ಎಂಬ ಮಂಗಟ್ಟೆ ಹಕ್ಕಿ ಕೂತಿದ್ದಳು.

ಮಂಗಟ್ಟೆ ಹಕ್ಕಿ ಗೊತ್ತಲ್ಲ? ಬಾಳೆಹಣ್ಣಿನ ಬಣ್ಣದ ದೊಡ್ಡ ಕೊಕ್ಕು, ಅದರ ಮೇಲೆ ಟೋಪಿ ಕವುಚಿಟ್ಟ ಹಾಗೆ ಒಂದು ಕೊಂಬು. ಈ ಹಕ್ಕಿಗಳಲ್ಲಿ ಒಂದು ಪದ್ಧತಿ ಉಂಟು. ಮೊಟ್ಟೆ ಇಡುವ ಕಾಲ ಬಂದರೆ ಹೆಂಡತಿ ಪೊಟರೆಯೊಳಗೆ ಹೋಗಿ ಕೂರುತ್ತಾಳೆ. ಗಂಡ ಹೊರಗಿನಿಂದ ಮಣ್ಣು ತಂದು ಕೊಡುತ್ತಾನೆ. ಅವಳು ಅದಕ್ಕೆ ಹಣ್ಣಿನ ತಿರುಳು, ಹಿಕ್ಕೆ ಎಲ್ಲ ಸೇರಿಸಿ ಕಲಸಿ, ಒಳಗಿನಿಂದಲೇ ಬಾಗಿಲನ್ನು ಮೆತ್ತಿ ಮುಚ್ಚಿಬಿಡುತ್ತಾಳೆ. ಒಣಗಿದ ಮೇಲೆ ಅದು ಇಟ್ಟಿಗೆಯಷ್ಟು ಗಟ್ಟಿ. ಉಳಿಯುವುದು ಕೊಕ್ಕಿನ ತುದಿ ತೂರುವಷ್ಟು ಒಂದು ಸೀಳು ಮಾತ್ರ. ಆ ಸೀಳಿನಲ್ಲಿ ಗಂಡ ಹಣ್ಣು ಕೊಡಬೇಕು, ಹೆಂಡತಿ ಇಸಕೊಳ್ಳಬೇಕು. ಒಳಗೆ ಕೂತವಳ ಹಾರುವ ಗರಿಗಳೆಲ್ಲ ಉದುರಿಹೋಗುತ್ತವೆ. ಹೊಸ ಗರಿ ಬರುವವರೆಗೆ ಅವಳು ಹಾರಲಾರಳು. ಗಂಡ ಬಂದರೆ ಊಟ, ಬರದಿದ್ದರೆ ಉಪವಾಸ.

ಪದುಮಕ್ಕನ ಹೊಟ್ಟೆಯ ಕೆಳಗೆ ಒಂದೇ ಒಂದು ಮೊಟ್ಟೆ ಬೆಚ್ಚಗಿತ್ತು. ಸೀಳಿನಿಂದ ಅವಳಿಗೆ ಕಾಣುತ್ತಿದ್ದದ್ದು ಒಂದು ಎಲೆ, ಒಂದು ಚೂರು ಆಕಾಶ. ಉಳಿದ ಕಾಡೆಲ್ಲ ಅವಳಿಗೆ ಕಿವಿಯಲ್ಲೇ. ಬೆಳಗಾಯಿತೆಂದು ಕಾಡುಕೋಳಿಯಿಂದ ತಿಳಿಯುತ್ತಿತ್ತು. ಬಿಸಿಲು ಏರಿತೆಂದು ಜೀರುಂಡೆಯಿಂದ ತಿಳಿಯುತ್ತಿತ್ತು. ಗಂಡ ಕೊಂಬಯ್ಯ ಹೊರಟನೆಂದು, ಬರುತ್ತಿದ್ದಾನೆಂದು ಅವನ ರೆಕ್ಕೆಯಿಂದಲೇ ತಿಳಿಯುತ್ತಿತ್ತು.

ಆ ರೆಕ್ಕೆಯ ಸದ್ದನ್ನು ಹೇಗೆ ಹೇಳಲಿ. ಗುಸ್, ಗುಸ್, ಗುಸ್ ಎಂದು, ಬೆಟ್ಟದಾಚೆಯಿಂದ ಮಳೆಯೇ ನಡೆದು ಬಂದ ಹಾಗೆ. ಕೊಂಬಯ್ಯ ಹಾರಿದಾಗ ಕೆಳಗೆ ಇರುವೆಗಳು ಮಳೆ ಬಂತೆಂದು ಮೊಟ್ಟೆ ಹೊತ್ತುಕೊಂಡು ಗೂಡಿಗೆ ಓಡುತ್ತಿದ್ದವು. ಅವನು ದಾಟಿ ಹೋದ ಮೇಲೆ ಒಂದನ್ನೊಂದು ಬೈದುಕೊಂಡು ಹೊರಗೆ ಬರುತ್ತಿದ್ದವು. ಸದ್ದು ಹತ್ತಿರವಾದಂತೆ ಪದುಮಕ್ಕ ಕೊಕ್ಕಿನ ತುದಿಯನ್ನು ಸೀಳಿನಿಂದ ಹೊರಗಿಟ್ಟು ಕಾಯುತ್ತಿದ್ದಳು. ಕೊಂಬಯ್ಯ ಗಂಟಲಲ್ಲಿ ತುಂಬಿ ತಂದ ಅತ್ತಿಹಣ್ಣುಗಳನ್ನು ಒಂದೊಂದಾಗಿ ತೆಗೆದು ಅವಳ ಬಾಯಿಗೆ ಇಡುತ್ತಿದ್ದ. ಆಮೇಲೆ, ನನ್ನ ರೆಕ್ಕೆ ಎಲ್ಲಿಂದ ಕೇಳಿಸಿತು ಮಾರಾಯ್ತಿ ಎಂದು ಕೇಳುತ್ತಿದ್ದ. ಹೊಳೆ ದಾಟಿದಾಗಿನಿಂದಲೇ ಎಂದರೆ ಅವನ ಎದೆ ಉಬ್ಬುತ್ತಿತ್ತು. ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಇಬ್ಬರಿಗೂ ಬೇಸರ ಬಂದಿರಲಿಲ್ಲ.

ಅದೇ ಮರದ ಬುಡದ ಬಿಲದಲ್ಲಿ ಪಟ್ಟಯ್ಯ ಎಂಬ ಉಡ ಇದ್ದ. ಉಡ ಮರ ಹತ್ತುವುದರಲ್ಲಿ ಜಾಣ, ಮೊಟ್ಟೆ ತಿನ್ನುವುದರಲ್ಲಿ ಇನ್ನೂ ಜಾಣ. ಅವನ ನಾಲಗೆಗೆ ಎರಡು ತುದಿ. ಒಂದು ತುದಿ ಗಂಡನಿಗೆ ಒಂದು ಮಾತು ಹೇಳಿದರೆ, ಇನ್ನೊಂದು ತುದಿ ಹೆಂಡತಿಗೆ ಇನ್ನೊಂದು ಹೇಳುತ್ತಿತ್ತು. ಪೊಟರೆಯ ಗೋಡೆಯನ್ನು ಅವನು ಕೆರೆದು ನೋಡಿದ್ದ. ಉಗುರು ಸವೆಯಿತೇ ಹೊರತು ಗೋಡೆ ಸವೆಯಲಿಲ್ಲ. ಕೊನೆಗೆ ಅವನಿಗೆ ಹೊಳೆಯಿತು. ಈ ಗೋಡೆಯನ್ನು ಹೊರಗಿನಿಂದ ಒಡೆಯಲು ಆಗುವುದಿಲ್ಲ. ಕಟ್ಟಿದವಳೇ ಒಳಗಿನಿಂದ ಒಡೆಯಬೇಕು. ಗಂಡ ಸತ್ತನೆಂದು ತಿಳಿದರೆ ಅವಳು ಒಡೆಯದೆ ಏನು ಮಾಡುತ್ತಾಳೆ? ಗಂಡನನ್ನು ಸಾಯಿಸುವುದು ಕಷ್ಟ. ಆದರೆ ತಡ ಮಾಡಿಸುವುದು ಸುಲಭ.

ಮುಂದೆ ಆದದ್ದು ಪದುಮಕ್ಕನಿಗೆ ಆಮೇಲೆ ಗೊತ್ತಾಯಿತು. ನಮಗೆ ಈಗಲೇ ಗೊತ್ತಿರಲಿ. ಕೊಂಬಯ್ಯ ಆಚೆ ಕಣಿವೆಯ ಅತ್ತಿಮರದಲ್ಲಿ ಹಣ್ಣು ಆರಿಸುತ್ತಿದ್ದ. ಪಟ್ಟಯ್ಯ ಅಲ್ಲಿಗೆ ಹೋಗಿ, ಕೈಮುಗಿದು, ಅವನ ಕೊಂಬನ್ನು ಹೊಗಳಿದ, ಕೊಕ್ಕನ್ನು ಹೊಗಳಿದ, ರೆಕ್ಕೆಯನ್ನು ಹೊಗಳಿದ. ಆಮೇಲೆ ತಲೆ ಕೆರೆದುಕೊಂಡ.

“ಕೊಂಬಯ್ಯನವರೇ, ಒಂದು ಸಣ್ಣ ಅನುಮಾನ. ಯಾರೂ ಇಲ್ಲದ ಕಡೆ ಹಾರಿದಾಗಲೂ ನಿಮ್ಮ ರೆಕ್ಕೆ ಸದ್ದು ಮಾಡುತ್ತದೋ?”

“ಮಾಡದೆ ಏನು? ನಾನೇ ಎಷ್ಟು ಸಲ ಕೇಳಿದ್ದೇನೆ.”

“ನೀವು ಕೇಳಿದಿರಿ ಅಂದಮೇಲೆ ಅಲ್ಲಿ ನೀವಿದ್ದಿರಿ. ನಾನು ಹೇಳ್ತಾ ಇರೋದು ಕೇಳೋ ಕಿವಿಯೇ ಇಲ್ಲದ ಕಡೆಯ ಮಾತು. ಅಲ್ಲಿ ಆ ಸದ್ದು ಇರುತ್ತದೆ ಅಂತ ಯಾವ ಧೈರ್ಯದಲ್ಲಿ ಹೇಳ್ತೀರಿ?”

ಕೊಂಬಯ್ಯ ತನ್ನ ರೆಕ್ಕೆಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಪಟ್ಟಯ್ಯ, ಪರವಾಗಿಲ್ಲ, ನಿಧಾನವಾಗಿ ನೋಡಿ ಹೇಳಿ, ಆತುರವಿಲ್ಲ ಎಂದು ಹೇಳಿ ಅಲ್ಲಿಂದ ಜಾರಿದ.

ಇತ್ತ ಪದುಮಕ್ಕ ಕಾಯುತ್ತಿದ್ದಳು. ಜೀರುಂಡೆಗಳು ಹಾಡಿ ಸುಮ್ಮನಾದವು. ಗಿಳಿಗಳ ಹಿಂಡು ಗಲಾಟೆ ಮಾಡುತ್ತ ಮನೆಗೆ ಹೋಯಿತು. ಗುಸ್ ಎಂಬ ಸದ್ದು ಬರಲಿಲ್ಲ. ಆ ರಾತ್ರಿ ಅವಳು ಹಸಿದುಕೊಂಡೇ ಮೊಟ್ಟೆಗೆ ಕಾವು ಕೊಟ್ಟಳು. ಬೆಳಗ್ಗೆ ಕಾಡುಕೋಳಿ ಕೂಗಿತು. ಅವಳು ಕೊಕ್ಕನ್ನು ಸೀಳಿನಿಂದ ಹೊರಗಿಟ್ಟು ನೋಡಿದಳು. ಕೊಕ್ಕಿಗೆ ಗಾಳಿ ತಗುಲಿತು, ಹಣ್ಣು ತಗುಲಲಿಲ್ಲ. ಗಾಳಿ ಬೀಸಿದಾಗೆಲ್ಲ ಅವನೇ ಎಂದುಕೊಂಡಳು. ಎಲೆ ಉದುರಿದಾಗಲೂ ಅವನೇ ಎಂದುಕೊಂಡಳು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅವಳ ಕಿವಿ ನೋಯತೊಡಗಿತು. ಕೇಳಿಸುವುದಕ್ಕೆ ಏನೂ ಇಲ್ಲದಿದ್ದಾಗ ಕೇಳುವುದು ಬಹಳ ಕಷ್ಟದ ಕೆಲಸ.

ಆಗ ತೊಗಟೆಯ ಮೇಲೆ ಕರಕರ ಉಗುರಿನ ಸದ್ದಾಯಿತು. ಸೀಳಿನ ಹತ್ತಿರ ಯಾರೋ ಮೂಗೆಳೆದು ಅತ್ತ ಹಾಗಾಯಿತು.

“ಪದುಮಕ್ಕಾ, ನಾನಮ್ಮ, ಕೆಳಮನೆಯ ಪಟ್ಟಣ್ಣ. ಹೇಗೆ ಹೇಳಲಿ ಅಂತಲೇ ಗೊತ್ತಾಗ್ತಿಲ್ಲ.”

ಪದುಮಕ್ಕ ಕೊಕ್ಕನ್ನು ಸೀಳಿಗೆ ತಂದಳು. ಅವರಿಗೇನಾದರೂ ಆಯಿತೇ, ಕಣ್ಣಾರೆ ಏನಾದರೂ ನೋಡಿದಿರಾ ಎಂದು ಕೇಳಿದಳು. ನೋಡಿದ್ದೇನೆಂದು ಹೇಳಿದರೆ ಎಲ್ಲಿ, ಯಾವಾಗ ಎಂದು ಕೇಳುತ್ತಾಳೆ. ಪಟ್ಟಯ್ಯ ಅಷ್ಟು ದಡ್ಡನಲ್ಲ.

“ನೋಡಬೇಕಾಗಿಲ್ಲ ತಾಯಿ, ಯೋಚನೆ ಮಾಡಿದರೆ ಸಾಕು. ಅವನ ರೆಕ್ಕೆ ಆಡಿದರೆ ಸದ್ದಾಗದೆ ಇರುತ್ತಾ?”

“ಇಲ್ಲ.”

“ಈಗ ಸದ್ದು ಕೇಳಿಸ್ತಾ ಇದೆಯಾ?”

“ಇಲ್ಲ.”

“ಕೇಳಿಸದ್ದು ಇಲ್ಲ. ಇದು ಶಾಸ್ತ್ರ. ಸದ್ದಿಲ್ಲ ಅಂದರೆ ರೆಕ್ಕೆ ಆಡ್ತಿಲ್ಲ. ರೆಕ್ಕೆ ಆಡದ ಹಕ್ಕಿ ಎಲ್ಲಿರ್ತಾನೆ, ಅದನ್ನು ನನ್ನ ಬಾಯಿಂದ ಹೇಳಿಸಬೇಡ.”

ಆಮೇಲೆ ಅವನು ತುಂಬ ಮೆತ್ತಗೆ ಮಾತಾಡಿದ. ಒಳಗೇ ಕೂತರೆ ನೀನೂ ಒಣಗುತ್ತೀಯ, ಮೊಟ್ಟೆಯೂ ಒಣಗುತ್ತದೆ ಎಂದ. ಗೋಡೆ ಒಡೆದು ಹೊರಗೆ ಬಾ, ಗರಿ ಇಲ್ಲದಿದ್ದರೇನು, ನನ್ನ ಬೆನ್ನ ಮೇಲೆ ಕೂರಿಸಿಕೊಂಡು ಇಳಿಸುತ್ತೇನೆ ಎಂದ. ನೀನು ಇಳಿದು ಹಣ್ಣು ತಿಂದು ಬರುವವರೆಗೆ ಮೊಟ್ಟೆಯ ಹತ್ತಿರ ನಾನೇ ಇರುತ್ತೇನೆ ಎಂದೂ ಹೇಳಿದ. ಇದೊಂದು ಮಾತನ್ನು ಹೇಳುವಾಗ ಅವನ ಬಾಯಲ್ಲಿ ನೀರೂರಿತು. ಸೀಳು ಚಿಕ್ಕದಾದ್ದರಿಂದ ಅದು ಪದುಮಕ್ಕನಿಗೆ ಕಾಣಲಿಲ್ಲ.

ಅವನ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಅವಳು ಹುಡುಕಿದಳು. ಸಿಗಲಿಲ್ಲ. ಹಸಿದ ಹೊಟ್ಟೆಯಲ್ಲಿ ತಪ್ಪು ಹುಡುಕುವುದೂ ಕಷ್ಟ. ಗೋಡೆ ಒಡೆದರೆ ಮೊಟ್ಟೆಗೆ ಕಾಪು ಇಲ್ಲ. ಒಡೆಯದಿದ್ದರೆ, ಗಂಡ ನಿಜವಾಗಿ ಇಲ್ಲದಿದ್ದರೆ, ತಾಯಿಯೂ ಇಲ್ಲ ಮರಿಯೂ ಇಲ್ಲ. ಕಣ್ಣು ಮುಚ್ಚಿಕೊಂಡು ಅವಳು ತಾನೇ ಮೆತ್ತಿದ ಗೋಡೆಯನ್ನು ಕುಕ್ಕಿದಳು. ಒಂದು ಚಕ್ಕೆ ಬಿತ್ತು. ಇನ್ನೊಂದು ಬಿತ್ತು. ಸೀಳು ಸ್ವಲ್ಪ ಅಗಲವಾಯಿತು. ಹೊರಗೆ ಪಟ್ಟಯ್ಯ, ಹಾಗೇ, ಹಾಗೇ ಎಂದು ಹುರಿದುಂಬಿಸಿದ.

ಆಗ ಅವಳ ಹೊಟ್ಟೆಯ ಕೆಳಗೆ ಏನೋ ಆಯಿತು.

ಟಿಕ್.

ಪದುಮಕ್ಕ ಕುಕ್ಕುವುದನ್ನು ನಿಲ್ಲಿಸಿದಳು. ಉಸಿರು ಹಿಡಿದಳು. ಮತ್ತೆ ಟಿಕ್ ಎಂದಿತು. ಮೊಟ್ಟೆಯೊಳಗಿನಿಂದ ಯಾರೋ ಬಾಗಿಲು ತಟ್ಟುತ್ತಿದ್ದರು. ತಟ್ಟಿದ್ದು ಎಷ್ಟು ಮೆಲ್ಲಗೆ ಎಂದರೆ, ಅದು ಕಿವಿಗೆ ಕೇಳಿಸಿತೋ ಮೈಗೆ ಕೇಳಿಸಿತೋ ಅವಳಿಗೇ ತಿಳಿಯಲಿಲ್ಲ.

“ಪಟ್ಟಣ್ಣಾ, ಈಗ ಏನಾದರೂ ಸದ್ದು ಕೇಳಿಸ್ತಾ?”

“ಏನೂ ಇಲ್ಲಮ್ಮ.”

“ಕಿವಿಗೊಟ್ಟು ಕೇಳಿ.”

“ಕೊಟ್ಟೆ. ಇಲ್ಲ ಅಂದರೆ ಇಲ್ಲ. ನೀನು ಕುಕ್ಕು.”

ಟಿಕ್, ಎಂದಿತು ಮೊಟ್ಟೆ.

ಪದುಮಕ್ಕ ಕೊಕ್ಕನ್ನು ಗೋಡೆಯಿಂದ ಹಿಂದಕ್ಕೆ ಎಳೆದುಕೊಂಡು ಯೋಚಿಸಿದಳು. ಪಟ್ಟಣ್ಣನಿಗೆ ಕೇಳಿಸದ್ದು ಇಲ್ಲಿದೆ. ಅವನ ಶಾಸ್ತ್ರ ಹಿಡಿದರೆ ನನ್ನ ಮಗುವೇ ಇಲ್ಲ. ಆದರೆ ಇದೆಯಲ್ಲ, ನನ್ನ ಕೆಳಗೇ ಬೆಚ್ಚಗೆ ಇದೆ. ಹಾಗಾದರೆ ನನಗೆ ಕೇಳಿಸದ್ದೂ ಎಲ್ಲೋ ಇರಬಹುದು. ಇಷ್ಟು ಯೋಚನೆ ಮಾಡುವಷ್ಟರಲ್ಲಿ ಅವಳ ಹಸಿವು ಅರ್ಧ ಇಳಿಯಿತು.

“ನಾನು ಒಡೆಯೋದಿಲ್ಲ ಪಟ್ಟಣ್ಣ. ರೆಕ್ಕೆ ಕೇಳಿಸದಿದ್ದರೆ ಅವರು ದೂರ ಇದ್ದಾರೆ ಅಂತ. ಇಲ್ಲ ಅಂತಲ್ಲ.”

ಪಟ್ಟಯ್ಯನ ಮೆತ್ತನೆಯ ದನಿ ಅಲ್ಲಿಗೆ ಮುಗಿಯಿತು. ಇಷ್ಟು ಹೊತ್ತು ಒಳ್ಳೆಯ ಮಾತಲ್ಲಿ ಹೇಳಿದ್ದು ದಂಡವಾಯಿತಲ್ಲ ಎಂದು ಬುಸುಗುಟ್ಟಿದ. ಅಗಲವಾದ ಸೀಳಿಗೆ ಮೂತಿ ಇಟ್ಟು ನೂಕಿದ. ತಲೆ ಒಳಗೆ ಬಂತು. ಕತ್ತೂ ಬಂತು. ಹೆಗಲು ಬರಲಿಲ್ಲ. ಅವನು ಕೊಸರಾಡಿದ ರಭಸಕ್ಕೆ ಗೋಡೆಯ ಮಣ್ಣು ಪುಡಿಯಾಗಿ ಅವನ ಎರಡೂ ಕಿವಿಯೊಳಗೆ ಸುರಿಯಿತು. ಕಿವಿ ಮುಚ್ಚಿಹೋದದ್ದು ಅವನ ಗಮನಕ್ಕೇ ಬರಲಿಲ್ಲ. ಅವನ ಗಮನವೆಲ್ಲ ಮೊಟ್ಟೆಯ ಮೇಲೆ. ಎರಡು ತುದಿಯ ನಾಲಗೆ ಅದನ್ನು ಮುಟ್ಟಲು ಚಾಚಿತು, ಇನ್ನೇನು ಮುಟ್ಟಬೇಕು.

ಪದುಮಕ್ಕ ತನ್ನ ದೊಡ್ಡ ಕೊಕ್ಕನ್ನು ತೆರೆದು ಅವನ ಮೂತಿಯನ್ನು ಇಕ್ಕಳದಲ್ಲಿ ಹಿಡಿದ ಹಾಗೆ ಹಿಡಿದಳು. ಕಾಲುಗಳನ್ನು ಮರದ ಒಳಮೈಗೆ ಒತ್ತಿ ನಿಂತಳು. ಉಡದ ಹಿಡಿತ ಗಟ್ಟಿ ಎನ್ನುತ್ತಾರೆ. ಹಾಗೆ ಹೇಳುವವರು ಮೊಟ್ಟೆ ಮುಂದಿಟ್ಟುಕೊಂಡ ಮಂಗಟ್ಟೆ ತಾಯಿಯನ್ನು ನೋಡಿಲ್ಲ.

ಆದರೂ ಎಷ್ಟು ಹೊತ್ತು ಹಿಡಿದಾಳು? ಊಟವಿಲ್ಲದ ಕುತ್ತಿಗೆ ನಡುಗತೊಡಗಿತು. ಕೊಕ್ಕು ಜಾರತೊಡಗಿತು. ಅಷ್ಟರಲ್ಲಿ ಅವಳ ಪಾದಕ್ಕೆ ಮರವೇ ಏನೋ ಹೇಳಿದ ಹಾಗಾಯಿತು. ದೂರದಲ್ಲಿ, ಹೊಳೆಯ ಆಚೆ, ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ.

ಗುಸ್.

ಅವಳು ಕೊಕ್ಕನ್ನು ಇನ್ನೂ ಬಿಗಿ ಮಾಡಿದಳು.

ಪಟ್ಟಯ್ಯ ಮುಚ್ಚಿದ ಬಾಯಲ್ಲೇ ಗೊಣಗಿದ, “ಬಿಡು. ಯಾರೂ ಬರೋದಿಲ್ಲ. ಒಂದು ಸದ್ದಾದರೂ ಇದೆಯಾ ನೋಡು.”

ಗುಸ್, ಗುಸ್ ಎಂದು ಸದ್ದು ಹೊಳೆ ದಾಟಿತು. ಇರುವೆಗಳು ಮೊಟ್ಟೆ ಹೊತ್ತುಕೊಂಡು ಓಡಿದವು. ಮರದ ಎಲೆಗಳು ಅದುರಿದವು. ಪಟ್ಟಯ್ಯನಿಗೆ ಒಂದೂ ಕೇಳಿಸಲಿಲ್ಲ. ಕೇಳಿಸದ್ದು ಇಲ್ಲವೆಂಬ ಶಾಸ್ತ್ರವನ್ನು ಅವನು ಬೇರೆಯವರಿಗಾಗಿ ಕಟ್ಟಿದ್ದ. ಈಗ ಅದನ್ನು ತಾನೇ ನಂಬಿ, ಬಾಲವನ್ನು ನಿಶ್ಚಿಂತೆಯಿಂದ ಹೊರಗೆ ಇಳಿಬಿಟ್ಟುಕೊಂಡು ನೂಕುತ್ತಲೇ ಇದ್ದ.

ಕೊಂಬಯ್ಯ ಬಂದು ಆ ಬಾಲವನ್ನೇ ಕಚ್ಚಿದ. ಮೊದಲು ಬಾಲ ಅಲ್ಲಾಡಿತು, ಆಮೇಲೆ ಉಡವೇ ಅಲ್ಲಾಡಿತು. ಅವನು ಎಳೆದ ಹೊತ್ತಿಗೆ ಸರಿಯಾಗಿ ಪದುಮಕ್ಕ ಮೂತಿ ಬಿಟ್ಟಳು. ಬಾಟಲಿಯ ಬಿರಡೆ ಕಿತ್ತ ಹಾಗೆ ಪಟ್ಟಯ್ಯ ಹೊರಗೆ ಬಂದ. ಮೇಲಿನ ಕೊಂಬೆಗೆ ಬಡಿದ, ಕೆಳಗಿನ ಕೊಂಬೆಗೆ ಬಡಿದ, ಮರದ ಬುಡದಲ್ಲಿ ದಟ್ಟವಾಗಿ ಬೆಳೆದಿದ್ದ ತುರಿಕೆ ಗಿಡದ ಪೊದೆಯೊಳಗೆ ಬಿದ್ದ. ಬೀಳುವಾಗ ಅಯ್ಯಯ್ಯೋ ಎಂದು ಗಂಟಲು ಹರಿಯುವಂತೆ ಕೂಗಿಕೊಂಡ. ಕೊಂಬಯ್ಯನಿಗೆ ಅದು ಕೇಳಿಸಲಿಲ್ಲ, ಯಾಕೆಂದು ಈಗ ಹೇಳುತ್ತೇನೆ. ಪದುಮಕ್ಕ ಮೊಟ್ಟೆಗೆ ಕಿವಿಯಿಟ್ಟು ಕೂತಿದ್ದಳು, ಅವಳಿಗೂ ಕೇಳಿಸಲಿಲ್ಲ. ಪಟ್ಟಯ್ಯನ ಕಿವಿಯಲ್ಲಿ ಮಣ್ಣಿತ್ತು, ಅವನಿಗೇ ಕೇಳಿಸಲಿಲ್ಲ. ಆ ಕೂಗನ್ನು ಕೇಳಿದವರು ಒಬ್ಬರೂ ಇಲ್ಲ. ಅವನದೇ ಶಾಸ್ತ್ರದ ಪ್ರಕಾರ ಅವನು ಕೂಗಲೇ ಇಲ್ಲ. ಮೈ ಕೆರೆದುಕೊಳ್ಳುತ್ತ ಅವನು ಆ ಕಾಡನ್ನೇ ಬಿಟ್ಟು ಹೋದದ್ದು ಮಾತ್ರ ನಿಜ.

ಪದುಮಕ್ಕ ಸೀಳಿಗೆ ಮುಖವಿಟ್ಟು ಗಂಡನನ್ನು ತರಾಟೆಗೆ ತೆಗೆದುಕೊಂಡಳು. ನಿನ್ನೆಯಿಂದ ಎಲ್ಲಿದ್ದಿರಿ, ಹೆಂಡತಿ ಎಂಬುವವಳು ಒಬ್ಬಳು ಇದ್ದಾಳೆಂಬ ನೆನಪಿತ್ತೇ, ಮೊಟ್ಟೆಯ ನೆನಪಾದರೂ ಇತ್ತೇ ಎಂದು ಉಸಿರು ಬಿಡದೆ ಬೈದಳು. ಕೊಂಬಯ್ಯ ಅಷ್ಟಕ್ಕೂ ಪ್ರೀತಿಯಿಂದ ತಲೆಯಾಡಿಸುತ್ತ ನಗುತ್ತಿದ್ದ. ಅವಳಿಗೆ ಏನೋ ಅನುಮಾನ ಬಂತು. ಅವನ ಕಿವಿಯ ಹತ್ತಿರ ಬೆಳ್ಳಗೆ ಏನೋ ಕಂಡಿತು. ಕೊಕ್ಕು ಚಾಚಿ ಎಳೆದರೆ ಬೂರುಗದ ಹತ್ತಿ, ಉಂಡೆ ಉಂಡೆ. ಒಂದು ಕಿವಿಯಿಂದ ತೆಗೆದಳು, ಇನ್ನೊಂದರಿಂದಲೂ ತೆಗೆದಳು.

“ಹಾಂ, ಈಗ ಹೇಳು,” ಎಂದ ಕೊಂಬಯ್ಯ. “ಏನೋ ಹೇಳ್ತಾ ಇದ್ದೆಯಲ್ಲ?”

ಅಷ್ಟನ್ನೂ ಇನ್ನೊಮ್ಮೆ ಬೈಯಲು ಅವಳಿಗೆ ಶಕ್ತಿ ಇರಲಿಲ್ಲ. ಮೊದಲು ಹಣ್ಣು ಕೊಡಿ ಎಂದಳು. ಅವನು ಗಂಟಲಿನಿಂದ ಹಣ್ಣು ತೆಗೆದು ಕೊಡುತ್ತ ಕೊಡುತ್ತ ತನ್ನ ಕಥೆ ಹೇಳಿದ. ಪಟ್ಟಯ್ಯನ ಪ್ರಶ್ನೆ ಕೇಳಿದ ಮೇಲೆ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲವಂತೆ. ಯಾರೂ ಇಲ್ಲದ ಬೋಳುಗುಡ್ಡದ ಮೇಲೆ ಹಾರಿ ನೋಡಿದನಂತೆ, ಆದರೆ ಹೋದಲ್ಲೆಲ್ಲ ಅವನ ಕಿವಿಯೂ ಜೊತೆಗೇ ಬಂದಿತಂತೆ. ಜೋರಾಗಿ ಹಾರಿ ಸದ್ದನ್ನು ಹಿಂದೆ ಬಿಟ್ಟು, ಮರೆಯಲ್ಲಿ ನಿಂತು, ಅದು ಒಂಟಿಯಾಗಿ ಬರುತ್ತದೆಯೋ ಎಂದೂ ಕಾದನಂತೆ. ಬರಲಿಲ್ಲ. ಕೊನೆಗೆ ಕೇಳುವವರು ಯಾರೂ ಇರಬಾರದೆಂದು ಕಿವಿಗೆ ಹತ್ತಿ ತುರುಕಿ ಹಾರಿದನಂತೆ. ಒಂದು ಚೂರೂ ಸದ್ದಿಲ್ಲ.

“ನನ್ನ ರೆಕ್ಕೆ ಮೂಕವಾಗಿ ಹೋಯ್ತು ಅಂದುಕೊಂಡೆ ಮಾರಾಯ್ತಿ,” ಎಂದ ಅವನು. “ರೆಕ್ಕೆಯಿಂದಲೇ ನೀನು ನನ್ನ ಗುರುತು ಹಿಡಿಯೋದು. ಮೂಕ ರೆಕ್ಕೆ ಇಟ್ಟುಕೊಂಡು ಯಾವ ಮುಖದಲ್ಲಿ ಬರಲಿ ಅಂತ ಒಂದು ಒಣಮರದ ಮೇಲೆ ಕೂತೇಬಿಟ್ಟೆ.”

“ಮತ್ತೆ ಹೇಗೆ ಬಂದಿರಿ?”

ಕೊಂಬಯ್ಯ ಇನ್ನೊಂದು ಹಣ್ಣನ್ನು ಅವಳ ಬಾಯಿಗಿಟ್ಟ.

“ಸದ್ದು ಇದ್ದರೂ ಇಲ್ಲದಿದ್ದರೂ ನಿನಗೆ ಹಸಿವಾಗಿರ್ತದಲ್ಲ ಅಂತ ಬಂದೆ. ಗುರುತು ಸಿಗದಿದ್ದರೆ ಗೋಡೆ ತಟ್ಟೋಣ ಅಂದುಕೊಂಡೆ.”

ಪದುಮಕ್ಕ ಬಾಯಲ್ಲಿದ್ದ ಹಣ್ಣನ್ನು ನುಂಗುವುದನ್ನೇ ಮರೆತಳು.

“ನನ್ನ ರೆಕ್ಕೆ ಇವತ್ತು ನಿಜವಾಗಿ ಸದ್ದು ಮಾಡ್ತಾ?” ಎಂದು ಅವನು ಮೆಲ್ಲಗೆ ಕೇಳಿದ.

“ಮಾಡಿತು.”

“ಎಲ್ಲಿಂದ ಕೇಳಿಸಿತು?”

“ಹೊಳೆ ದಾಟಿದಾಗಿನಿಂದ.” ಆಮೇಲೆ ಅವಳು ಇನ್ನೊಂದು ಮಾತು ಸೇರಿಸಿದಳು. “ಹೊಳೆಯ ಆಚೆಯೂ ಇತ್ತು ಕಣ್ರೀ. ನನ್ನ ಕಿವಿ ಅಲ್ಲಿಗೆ ಮುಟ್ಟೋದಿಲ್ಲ, ಅಷ್ಟೇ.”

ಆವತ್ತು ಅವನ ಎದೆ ಉಬ್ಬಲಿಲ್ಲ. ಅವನು ತೆಪ್ಪಗೆ ಹೋಗಿ ಹೊಳೆದಂಡೆಯ ಮಣ್ಣು ತಂದ. ಅವಳು ಕಲಸಿ, ಮುರಿದ ಜಾಗವನ್ನೆಲ್ಲ ಮೆತ್ತಿದಳು. ಸೀಳು ಮೊದಲಿನ ಹಾಗೆ ಕೊಕ್ಕಿನ ತುದಿಯಷ್ಟಾಯಿತು. ಸಂಜೆಯ ಬಿಸಿಲಿಗೆ ಗೋಡೆ ಒಣಗುತ್ತಿರುವಾಗ ಪದುಮಕ್ಕ ಒಳಗಿನಿಂದ ಕರೆದಳು.

“ಇಲ್ಲಿ ಕಿವಿಯಿಡಿ. ಒಳಗಿನಿಂದ ತಟ್ಟುತ್ತಾ ಇದೆ.”

ಕೊಂಬಯ್ಯ ಗೋಡೆಗೆ ಕಿವಿಯಿಟ್ಟ. ಬಲಗಿವಿ ಇಟ್ಟ, ಎಡಗಿವಿ ಇಟ್ಟ. ಹತ್ತಿಯ ಚೂರು ಉಳಿದಿದೆಯೋ ಎಂದು ಕೆರೆದು ನೋಡಿಕೊಂಡ. ಮತ್ತೆ ಇಟ್ಟ.

“ನನಗೆ ಏನೂ ಕೇಳಿಸ್ತಾ ಇಲ್ಲವಲ್ಲೇ,” ಎಂದ.

“ಇದೆ,” ಎಂದಳು ಪದುಮಕ್ಕ.

ಅವನು ಮತ್ತೇನೂ ಕೇಳಲಿಲ್ಲ. ಹೇಗೆ ಗೊತ್ತು ಎನ್ನಲಿಲ್ಲ, ಯಾವ ಶಾಸ್ತ್ರ ಎನ್ನಲಿಲ್ಲ. ಮರುದಿನ ಬೆಳಗ್ಗೆ ಗುಸ್ ಗುಸ್ ಎಂದು ಹಾರಿ ಬಂದ. ದಿನಕ್ಕಿಂತ ಸ್ವಲ್ಪ ನಿಧಾನವಾಗಿ ಬಂದ, ಭಾರ ಹೊತ್ತವರ ಹಾಗೆ. ಅವಳ ಪಾಲಿನ ಹಣ್ಣನ್ನೆಲ್ಲ ಕೊಟ್ಟಾದ ಮೇಲೆ ಗಂಟಲಿನಿಂದ ಇನ್ನೊಂದು ಹಣ್ಣು ತೆಗೆದ. ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಮೆತ್ತಗಿನದು. ಅದನ್ನು ಸೀಳಿನಲ್ಲಿ ಹುಷಾರಾಗಿ ಇಟ್ಟ.

“ಇದು ತಟ್ಟುವವರಿಗೆ,” ಎಂದ.

ನೀತಿ: ನಮಗೆ ಕೇಳಿಸಲಿಲ್ಲ ಎಂದ ಮಾತ್ರಕ್ಕೆ ಒಂದು ಸದ್ದು ಇಲ್ಲವೆಂದಾಗುವುದಿಲ್ಲ, ನಮ್ಮವರ ಸದ್ದು ಕೇಳದ ಹೊತ್ತಿನಲ್ಲೂ ಅವರು ಇದ್ದಾರೆಂದು ನಂಬುವವರ ಗೋಡೆಯನ್ನು ಯಾವ ಕಪಟಿಯೂ ಒಡೆಯಲಾರ.

ಇನ್ನು ನನ್ನ ಮೀಸೆಯ ವಿಚಾರ. ಕಥೆಯಲ್ಲಿ ಒಂದೇ ಒಂದು ಸಣ್ಣ ವಿವರವನ್ನು ನಾನು ಕಟ್ಟಿ ಹೇಳಿದ್ದೇನೆ. ಪಟ್ಟಯ್ಯ ಬೀಳುವಾಗ ಕೂಗಿದ್ದನ್ನು ಯಾರೂ ಕೇಳಲಿಲ್ಲ ಎಂದೆನಲ್ಲ, ಅದು ಸುಳ್ಳು. ನಾನು ಕೇಳಿದೆ. ಇಲ್ಲದಿದ್ದರೆ ಅವನು ಅಯ್ಯಯ್ಯೋ ಎಂದದ್ದು ನನಗೆ ಹೇಗೆ ಗೊತ್ತಾಗಬೇಕು? ಅಷ್ಟು ಸುಳ್ಳಿಗೆ ಮೀಸೆಯಿಂದ ಒಂದು ಕೂದಲು ಕಿತ್ತುಕೊಳ್ಳಿ. ಮೆಲ್ಲಗೆ ಕೀಳಿ.